ಇನ್ಸುಲಿನ್, ಸ್ಟ್ರಿಪ್, ಸೂಜಿ: ಉತ್ತರ ಕನ್ನಡದ ಮನೆಗಳಲ್ಲಿ ಸಕ್ಕರೆ ಕಾಯಿಲೆಯ ಸಾಮಗ್ರಿ ಮತ್ತು ಕಸದ ನಿರ್ವಹಣೆ

ಸಕ್ಕರೆ ಕಾಯಿಲೆಯವರಿರುವ ಮನೆಗಳಲ್ಲಿ ವೈದ್ಯರ ಚೀಟಿಯನ್ನು ಜೋಪಾನವಾಗಿ ಇಟ್ಟಿರುತ್ತಾರೆ. ನಿನ್ನೆ ಚುಚ್ಚಿಕೊಂಡ ಸೂಜಿ ಎಲ್ಲಿದೆ ಎಂದು ಕೇಳಿದರೆ ಮಾತ್ರ ಉತ್ತರ ತಡವರಿಸುತ್ತದೆ. ಘಟ್ಟದ ಮೇಲೆ ಅದು ಬಚ್ಚಲೊಲೆಗೋ ತೋಟದಂಚಿನ ಹೊಂಡಕ್ಕೋ ಹೋಗಿರುತ್ತದೆ, ಕರಾವಳಿಯಲ್ಲಿ ಹಿತ್ತಲ ಹಿಂದಿನ ಹಳ್ಳಕ್ಕೆ ಬಿದ್ದಿರುತ್ತದೆ. ಇನ್ಸುಲಿನ್ ಎಷ್ಟು ತೆಗೆದುಕೊಳ್ಳಬೇಕು, ಪಥ್ಯ ಹೇಗಿರಬೇಕು ಎಂಬುದು ವೈದ್ಯರಿಗೆ ಬಿಟ್ಟ ವಿಷಯ. ಅದನ್ನು ಇಲ್ಲಿ ಚರ್ಚಿಸುವುದಿಲ್ಲ. ಸಾಮಗ್ರಿಯನ್ನು ತರುವುದು, ಕೆಡದಂತೆ ಇಡುವುದು, ಬಳಸಿದ ಮೇಲೆ ಯಾರಿಗೂ ತೊಂದರೆಯಾಗದಂತೆ ಸಾಗಿಸುವುದು ಈ ಬರಹದ ವಿಷಯ. ಇವು ಮೂರು ಬೇರೆ ಬೇರೆ ಕೆಲಸಗಳೆಂದು ತಿಳಿದಿರುವುದೇ ನಮ್ಮ ತೊಡಕಿನ ಮೂಲ. ಸೂಜಿಯ ಪೊಟ್ಟಣ ಮನೆಗೆ ಬರುವ ದಿನವೇ ಅದು ಮನೆಯಿಂದ ಹೊರಡುವ ದಾರಿಯನ್ನೂ ಗೊತ್ತುಮಾಡಿಕೊಳ್ಳುವುದು ಕ್ರಮ.

ಲೆಕ್ಕ ಹಾಕಿ ಕೊಳ್ಳುವುದು

ಮೊದಲು ಬಾಟಲಿಯ ಮೇಲಿನ ಸಂಖ್ಯೆಯನ್ನು ಓದಿಕೊಳ್ಳಬೇಕು. ನಮ್ಮಲ್ಲಿ ಸಿರಿಂಜಿನಿಂದ ಎಳೆದುಕೊಳ್ಳುವ ಇನ್ಸುಲಿನ್ ಬಹುಮಟ್ಟಿಗೆ ಪ್ರತಿ ಮಿಲಿಲೀಟರಿಗೆ 40 ಯೂನಿಟ್ ಇರುವಂಥದ್ದು. 10 ಮಿಲಿಲೀಟರಿನ ಒಂದು ಬಾಟಲಿಯಲ್ಲಿ ಒಟ್ಟು 400 ಯೂನಿಟ್ ಇರುತ್ತದೆ. ಇನ್ಸುಲಿನ್ ಚುಚ್ಚಿಕೊಳ್ಳುವ ಪೆನ್ನಿಗೆ ಹಾಕುವ 3 ಮಿಲಿಲೀಟರಿನ ಕಾರ್ಟ್ರಿಜ್ ಪ್ರತಿ ಮಿಲಿಲೀಟರಿಗೆ 100 ಯೂನಿಟ್‌ನದು, ಅಂದರೆ ಒಟ್ಟು 300 ಯೂನಿಟ್. ಸಿರಿಂಜುಗಳೂ ಎರಡು ಬಗೆಯವು: 40ರ ಇನ್ಸುಲಿನ್‌ಗೆ ಕೆಂಪು ಮುಚ್ಚಳದ್ದು, 100ರದ್ದಕ್ಕೆ ಕಿತ್ತಳೆ ಬಣ್ಣದ ಮುಚ್ಚಳದ್ದು. ಇವು ಅದಲುಬದಲಾದರೆ ಪ್ರಮಾಣ ಎರಡೂವರೆ ಪಟ್ಟು ಹೆಚ್ಚುಕಡಿಮೆಯಾಗುತ್ತದೆ. 100ರ ಇನ್ಸುಲಿನ್ನನ್ನು ಕೆಂಪು ಮುಚ್ಚಳದ ಸಿರಿಂಜಿನಲ್ಲಿ 20 ಗೆರೆ ಎಳೆದರೆ ದೇಹಕ್ಕೆ ಹೋಗುವುದು 50 ಯೂನಿಟ್. ಇದು ಜೀವಕ್ಕೆ ಅಪಾಯ. ಊರಿನ ಅಂಗಡಿಯಲ್ಲಿ ಸಿಗಲಿಲ್ಲವೆಂದು ಹುಬ್ಬಳ್ಳಿಯಿಂದಲೋ ಗೋವಾದಿಂದಲೋ ಯಾರದೋ ಕೈಯಲ್ಲಿ ತರಿಸುವವರು ಔಷಧದ ಹೆಸರಿನ ಜೊತೆ ಈ ಸಂಖ್ಯೆಯನ್ನೂ ಬರೆದುಕೊಡಬೇಕು.

ಅನಂತರ ಒಂದು ಬಾಟಲಿ ಎಷ್ಟು ದಿನ ಬರುತ್ತದೆಂದು ಲೆಕ್ಕ ಹಾಕಿ. ದಿನಕ್ಕೆ 30 ಯೂನಿಟ್ ಬೇಕಾದವರಿಗೆ 400 ಯೂನಿಟ್‌ನ ಬಾಟಲಿ 13 ದಿನ ಬರುತ್ತದೆ. ಅಲ್ಲಿ ವ್ಯರ್ಥವಾಗುವುದು ಏನೂ ಇಲ್ಲ. ದಿನಕ್ಕೆ 10 ಯೂನಿಟ್ ಮಾತ್ರ ಸಾಕಾಗುವವರ ಲೆಕ್ಕ ಬೇರೆ. ಒಮ್ಮೆ ತೆರೆದ ಬಾಟಲಿಯನ್ನು ಸಾಮಾನ್ಯವಾಗಿ 28 ದಿನಕ್ಕಿಂತ ಹೆಚ್ಚು ಬಳಸಬಾರದಾದ್ದರಿಂದ 120 ಯೂನಿಟ್ ಎಸೆಯಬೇಕಾಗುತ್ತದೆ, ಇಲ್ಲವೇ ಶಕ್ತಿ ಕುಂದಿದ ಮದ್ದನ್ನೇ ಚುಚ್ಚಿಕೊಳ್ಳಬೇಕಾಗುತ್ತದೆ. ಅದೇ ವ್ಯಕ್ತಿ ಪೆನ್ ಬಳಸಿದರೆ, ಪ್ರತಿ ಸಲ ಸೂಜಿಯ ಗಾಳಿ ತೆಗೆಯಲು ಹೋಗುವ 2 ಯೂನಿಟ್ ಸೇರಿಸಿದರೂ 300 ಯೂನಿಟ್‌ನ ಕಾರ್ಟ್ರಿಜ್ 25 ದಿನದಲ್ಲಿ ಮುಗಿಯುತ್ತದೆ. ವೈದ್ಯರ ಮುಂದೆ ಈ ಲೆಕ್ಕವಿಟ್ಟು ಕೇಳಬಹುದು. ಕೆಲವು ಹೊಸ ಇನ್ಸುಲಿನ್‌ಗಳಿಗೆ ತೆರೆದ ಮೇಲೆ 6 ವಾರ, 8 ವಾರಗಳ ಅವಧಿಯೂ ಇದೆ; ಪೊಟ್ಟಣದೊಳಗಿನ ಚೀಟಿಯಲ್ಲಿ ಬರೆದದ್ದೇ ಅಂತಿಮ. ಮುಗಿದ ಮೇಲೆ ಪೂರ್ತಿ ಎಸೆಯುವ ಪೆನ್ನಿಗಿಂತ ಕಾರ್ಟ್ರಿಜ್ ಬದಲಿಸುವ ಪೆನ್ನಿನಿಂದ ಪ್ಲಾಸ್ಟಿಕ್ ಕಸ ಕಡಿಮೆ.

ದಾಸ್ತಾನಿನ ವಿಚಾರದಲ್ಲಿ ಈ ಜಿಲ್ಲೆಯವರಿಗೆ ಹೊರಗಿನವರ ಸಲಹೆ ಪೂರ್ತಿ ಹೊಂದುವುದಿಲ್ಲ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66 ಮುಚ್ಚಿತು. ಮುಂದಿನ ತಿಂಗಳ 7ರಂದು ಕಾರವಾರದಲ್ಲಿ ಕಾಳಿ ನದಿಯ ಹಳೆಯ ಸೇತುವೆ ಮುರಿದು ಬಿತ್ತು. ದೇವಿಮನೆ, ಅರಬೈಲ್ ಘಟ್ಟಗಳಲ್ಲಿ ಮಣ್ಣು ಜಾರುವುದು, ಮರ ಬೀಳುವುದು ಮಳೆಗಾಲದ ಮಾಮೂಲಿ ಸುದ್ದಿ. ಹೀಗಿರುವಾಗ ಮೇ ತಿಂಗಳ ಕೊನೆಗೆ ಕಟ್ಟಿಗೆ, ಹಪ್ಪಳಗಳ ಜೊತೆಯಲ್ಲಿ ಒಂದು ತಿಂಗಳಿಗಾಗುವಷ್ಟು ಹೆಚ್ಚುವರಿ ಇನ್ಸುಲಿನ್, ಸೂಜಿ, ರಕ್ತಪರೀಕ್ಷೆಯ ಸ್ಟ್ರಿಪ್ ಮನೆಯಲ್ಲಿರುವಂತೆ ನೋಡಿಕೊಳ್ಳಬೇಕು. ಅದಕ್ಕಿಂತ ಹೆಚ್ಚು ಕೂಡಿಡುವುದೂ ಸಲ್ಲದು. ವೈದ್ಯರು ಮದ್ದು ಬದಲಿಸಿದರೆ ಕೂಡಿಟ್ಟದ್ದೆಲ್ಲ ಕಸವಾಗುತ್ತದೆ. ಹೊಸದನ್ನು ಹಿಂದೆ, ಅವಧಿ ಮೊದಲು ಮುಗಿಯುವುದನ್ನು ಮುಂದೆ ಇಡಿ.

ಇನ್ಸುಲಿನ್ ಇಡುವ ಜಾಗ

ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿರಬೇಕು, ಹೆಪ್ಪುಗಟ್ಟಲೇಬಾರದು. ಒಂದೇ ಬಾಗಿಲಿನ ಹಳೆಯ ಫ್ರಿಜ್‌ಗಳಲ್ಲಿ ಐಸ್ ಪೆಟ್ಟಿಗೆಯ ಕೆಳಗಿನ ತಟ್ಟೆಯೂ ಹಿಂಬದಿಯ ಗೋಡೆಯೂ ಆಗಾಗ ಸೊನ್ನೆಗಿಂತ ಕೆಳಗಿಳಿಯುತ್ತವೆ. ಹೆಪ್ಪುಗಟ್ಟಿ ಕರಗಿದ ಇನ್ಸುಲಿನ್ ನೋಡಲು ಸರಿಯಾಗಿಯೇ ಕಾಣಬಹುದು, ಆದರೆ ಅದನ್ನು ನಂಬುವಂತಿಲ್ಲ, ಎಸೆಯಲೇಬೇಕು. ಆದ್ದರಿಂದ ನಡುವಿನ ತಟ್ಟೆಯ ಮುಂಭಾಗದಲ್ಲಿ, ಮುಚ್ಚಳವಿರುವ ಒಂದು ಪ್ಲಾಸ್ಟಿಕ್ ಡಬ್ಬಿಯೊಳಗೆ ಇಟ್ಟರೆ ಸಾಕು. ಮೀನು ತುಂಬಿದ ಫ್ರೀಜರಿನಲ್ಲಿ ‘ಹೆಚ್ಚು ತಂಪಿರಲಿ’ ಎಂದು ಇಟ್ಟು ಇಡೀ ತಿಂಗಳಿನ ಮದ್ದನ್ನು ಹಾಳುಮಾಡಿಕೊಂಡವರು ಕರಾವಳಿಯಲ್ಲಿ ಅಪರೂಪವಲ್ಲ.

ಈಗ ಬಳಸುತ್ತಿರುವ ಬಾಟಲಿ ಅಥವಾ ಪೆನ್ನನ್ನು ಫ್ರಿಜ್‌ನಲ್ಲೇ ಇಡಬೇಕೆಂದಿಲ್ಲ. 30 ಡಿಗ್ರಿಗಿಂತ ಕಡಿಮೆ ಇರುವ, ಬಿಸಿಲು ಬೀಳದ, ಒಲೆಯಿಂದ ದೂರದ ಜಾಗ ಸಾಲುತ್ತದೆ. ತೆರೆದ ದಿನಾಂಕವನ್ನು ಅಳಿಸಿಹೋಗದ ಮಾರ್ಕರ್‌ನಿಂದ ಬಾಟಲಿಯ ಮೇಲೆಯೇ ಬರೆಯಿರಿ. ಪೊಟ್ಟಣದ ಮೇಲೆ ಬರೆದರೆ ಪೊಟ್ಟಣ ಎಸೆದ ದಿನ ದಿನಾಂಕವೂ ಹೋಗುತ್ತದೆ. ಪೆನ್ನಿಗೆ ಸೂಜಿ ಸಿಕ್ಕಿಸಿಯೇ ಇಟ್ಟರೆ ಗಾಳಿ ಒಳಸೇರಿ ಮದ್ದು ಸೋರುತ್ತದೆ, ಪ್ರತಿ ಸಲ ತೆಗೆಯಬೇಕು. ತಿಳಿಯಾಗಿರಬೇಕಾದ ಇನ್ಸುಲಿನ್ ಮಸುಕಾಗಿದ್ದರೆ ಬಳಸಬಾರದು. ಮೊದಲೇ ಹಾಲಿನಂತಿರುವ ಮಿಶ್ರ ಇನ್ಸುಲಿನ್ ಬೇರೆ ಬಗೆಯದು. ಅದನ್ನು ಅಂಗೈಗಳ ನಡುವೆ ನಿಧಾನವಾಗಿ ಹೊರಳಿಸಿ ಒಂದೇ ಹದಕ್ಕೆ ತರಬೇಕು, ಜೋರಾಗಿ ಅಲುಗಾಡಿಸಬಾರದು. ಹೊರಳಿಸಿದ ಮೇಲೂ ಗಂಟು ಉಳಿದರೆ ಅದು ಕೆಟ್ಟಿದೆ.

ಹೆಸ್ಕಾಂ ಕರೆಂಟು ಮಳೆಗಾಲದಲ್ಲಿ ದಿನಗಟ್ಟಲೆ ಬಾರದ ಊರುಗಳು ಜೋಯಿಡಾ, ಯಲ್ಲಾಪುರ, ಸಿದ್ದಾಪುರಗಳ ಕಾಡಂಚಿನಲ್ಲಿ ಹಲವಿವೆ. ಅಲ್ಲಿಯವರು ಗಾಬರಿಯಾಗಬೇಕಾಗಿಲ್ಲ. ಬಾಗಿಲು ತೆರೆಯದಿದ್ದರೆ ಫ್ರಿಜ್ ಕೆಲವು ಗಂಟೆ ತಂಪನ್ನು ಹಿಡಿದಿಡುತ್ತದೆ. ಅದು ಆರಿದ ಮೇಲೂ ಬಾಟಲಿ ಆ ಕ್ಷಣಕ್ಕೇ ಕೆಡುವುದಿಲ್ಲ. ತಂಪು ಆರಿದ ದಿನವನ್ನೇ ತೆರೆದ ದಿನವೆಂದು ಭಾವಿಸಿ, ಆ ದಿನಾಂಕವನ್ನು ಡಬ್ಬಿಯ ಮೇಲೆ ಬರೆದು, ಅಲ್ಲಿಂದ ಮುಂದಿನ 28 ದಿನಗಳಲ್ಲಿ ಬಳಸಿ ಮುಗಿಸುವುದು ಸುರಕ್ಷಿತ ಕ್ರಮ. ನೇರವಾಗಿ ಮಂಜುಗಡ್ಡೆಯ ಮೇಲೆ ಇಡುವುದು ಕರೆಂಟು ಹೋಗುವುದಕ್ಕಿಂತ ಹೆಚ್ಚಿನ ಹಾನಿ ಮಾಡುತ್ತದೆ.

ಫ್ರಿಜ್ ಇಲ್ಲದವರಿಗೆ ಎರಡು ಮಣ್ಣಿನ ಮಡಕೆಗಳ ನಡುವೆ ಒದ್ದೆ ಮರಳು ತುಂಬಿ, ಒಳಗಿನ ಮಡಕೆಯಲ್ಲಿ ಇನ್ಸುಲಿನ್ ಇಡುವ ಉಪಾಯವನ್ನು ಹೇಳುವುದುಂಟು. ಉಪಾಯ ಒಳ್ಳೆಯದೇ, ಆದರೆ ಅದು ಕೆಲಸ ಮಾಡುವುದು ನೀರು ಆವಿಯಾಗುವುದರಿಂದ. ಒಣಹವೆಯಿರುವ ಬಯಲುಸೀಮೆಯಲ್ಲಿ ಸಿಗುವ ತಂಪು ಕಾರವಾರದ, ಹೊನ್ನಾವರದ ಜಿಗುಟು ಸೆಕೆಯಲ್ಲಿ ಸಿಗುವುದಿಲ್ಲ, ಏಕೆಂದರೆ ಇಲ್ಲಿನ ಗಾಳಿಯಲ್ಲಿ ಮೊದಲೇ ನೀರಿನಂಶ ತುಂಬಿರುತ್ತದೆ. ಶಿರಸಿಯ ಕಡೆ ಜನವರಿಯಿಂದ ಮಾರ್ಚ್‌ವರೆಗೆ ಅದು ತಕ್ಕಮಟ್ಟಿಗೆ ನಡೆಯುತ್ತದೆ. ನೀರಿನಲ್ಲಿ ನೆನೆಸಿ ಬಳಸುವ ಪ್ರಯಾಣದ ಚೀಲಗಳಿಗೂ ಇದೇ ಮಿತಿ. ಕರಾವಳಿಯಲ್ಲಿ ಏಪ್ರಿಲ್, ಮೇ ತಿಂಗಳು ಫ್ರಿಜ್ ಇಲ್ಲದವರು ಹೆಚ್ಚುವರಿ ಬಾಟಲಿಯನ್ನು ಮನೆಯಲ್ಲಿಡದೆ ಪರಿಚಯದ ಔಷಧ ಅಂಗಡಿಯ ಅಥವಾ ನೆರೆಮನೆಯ ಫ್ರಿಜ್‌ನಲ್ಲಿ ಹೆಸರು ಬರೆದು ಇಡಿಸುವುದು ಮಡಕೆಗಿಂತ ಭರವಸೆಯ ದಾರಿ.

ಸ್ಟ್ರಿಪ್ಪಿನ ಶತ್ರು ತೇವ

ರಕ್ತದ ಸಕ್ಕರೆ ನೋಡುವ ಸ್ಟ್ರಿಪ್‌ಗಳ ತುದಿಯಲ್ಲಿ ಕಿಣ್ವ ಲೇಪಿಸಿರುತ್ತಾರೆ. ತೇವ ತಗುಲಿದರೆ ಅದು ಕೆಟ್ಟು ಅಳತೆ ತಪ್ಪುತ್ತದೆ. ಸ್ಟ್ರಿಪ್ ಬರುವ ಡಬ್ಬಿಯಲ್ಲೇ ತೇವ ಹೀರುವ ವಸ್ತು ಇರುವುದರಿಂದ ಅದನ್ನು ಬಿಟ್ಟು ಬೇರೆ ಕಡೆ ಇಡಬಾರದು, ನಾಲ್ಕು ಸ್ಟ್ರಿಪ್ ತೆಗೆದು ಕಾಗದದಲ್ಲಿ ಸುತ್ತಿ ಊರಿಗೆ ಒಯ್ಯಬಾರದು. ಒಣಗಿದ ಕೈಯಿಂದ ಒಂದನ್ನು ತೆಗೆದು ಕೂಡಲೇ ಮುಚ್ಚಳ ಬಿಗಿಯಬೇಕು. ಬಚ್ಚಲ ಗೂಡಿನಲ್ಲಿ, ಅಡುಗೆಮನೆಯ ಕಿಟಕಿಯಲ್ಲಿ ಇಡುವುದು ಬೇಡ. ಫ್ರಿಜ್ ಕೂಡ ಬೇಡ. ತಂಪಿನಿಂದ ಹೊರಬಂದ ಡಬ್ಬಿ ತೆರೆದಾಗ ಹೊರಗಿನ ತೇವ ಒಳಗೆ ಹನಿಗಟ್ಟುತ್ತದೆ. ತೆರೆದ ಮೇಲೆ ಇಷ್ಟು ತಿಂಗಳಲ್ಲಿ ಮುಗಿಸಬೇಕೆಂದು ಹಲವು ಕಂಪನಿಗಳು ಬರೆದಿರುತ್ತವೆ. ವಾರಕ್ಕೊಮ್ಮೆ ಮಾತ್ರ ನೋಡಿಕೊಳ್ಳುವವರು 50ರ ಡಬ್ಬಿಗೆ ಬದಲಾಗಿ 25ರದ್ದನ್ನು ಕೊಂಡರೆ ಅರ್ಧ ಎಸೆಯುವುದು ತಪ್ಪುತ್ತದೆ.

ಪರೀಕ್ಷೆಗೆ ಮೊದಲು ಸೋಪು ಹಾಕಿ ಕೈ ತೊಳೆದು ಒರೆಸಿಕೊಳ್ಳಿ. ಮಾವಿನ ಹಣ್ಣು ಹೆಚ್ಚಿದ, ಹಲಸಿನ ತೊಳೆ ಬಿಡಿಸಿದ ಬೆರಳಿನಲ್ಲಿ ಸಕ್ಕರೆಯ ಅಂಟು ಉಳಿದು, ಇಲ್ಲದ ಸಕ್ಕರೆಯನ್ನು ಯಂತ್ರ ತೋರಿಸುತ್ತದೆ. ಆ ಸಂಖ್ಯೆ ನೋಡಿ ಇನ್ಸುಲಿನ್ ಹೆಚ್ಚಿಸಿಕೊಂಡರೆ ಅಪಾಯ ಖಚಿತ. ಯಂತ್ರದ ಅಳತೆಗೂ ಮಿತಿಯಿದೆ ಎಂಬುದು ನೆನಪಿರಲಿ: 2013ರ ಅಂತರರಾಷ್ಟ್ರೀಯ ಮಾನದಂಡದಂತೆ 100ಕ್ಕಿಂತ ಮೇಲಿನ ಅಳತೆಯಲ್ಲಿ ಶೇಕಡಾ 15ರಷ್ಟು ಅತ್ತಿತ್ತ ಇರುವುದಕ್ಕೆ ಅವಕಾಶವಿದೆ. ನಿಜವಾದ 200 ಎಂಬುದು 180 ಎಂದು ಬಂದರೂ 220 ಎಂದು ಬಂದರೂ ಯಂತ್ರ ಕೆಟ್ಟಿದೆಯೆಂದಲ್ಲ. ನಂಬಿಕೆ ಬಾರದೆ ಒಂದರ ಹಿಂದೊಂದು ನಾಲ್ಕು ಸ್ಟ್ರಿಪ್ ಖರ್ಚುಮಾಡುವವರು ಇದನ್ನು ತಿಳಿದರೆ ಹಣವೂ ಕಸವೂ ಉಳಿಯುತ್ತದೆ.

ಸೂಜಿಯ ಡಬ್ಬಿ

ಮನೆಯಲ್ಲಿ ಮೊದಲು ಆಗಬೇಕಾದ ವ್ಯವಸ್ಥೆ ಇದು. ಬಳಸಿದ ಸೂಜಿ, ಸೂಜಿ ಕೂಡಿದ ಸಿರಿಂಜು, ಬೆರಳು ಚುಚ್ಚುವ ಲ್ಯಾನ್ಸೆಟ್ ಇವು ಮೂರೂ ಚುಚ್ಚಿದ ಕೂಡಲೇ ಒಂದು ಗಟ್ಟಿ ಡಬ್ಬಿಗೆ ಬೀಳಬೇಕು. ಫಿನಾಯಿಲ್ ಅಥವಾ ಬಟ್ಟೆ ತೊಳೆಯುವ ದ್ರವ ಬರುವ ದಪ್ಪ ಪ್ಲಾಸ್ಟಿಕ್ಕಿನ, ತಿರುಪಿನ ಮುಚ್ಚಳದ ಕ್ಯಾನು ಇದಕ್ಕೆ ತಕ್ಕದ್ದು. ಕುಡಿಯುವ ನೀರಿನ ಬಾಟಲಿ ತೆಳ್ಳಗಿರುವುದರಿಂದ ಸೂಜಿ ಹೊರಬರುತ್ತದೆ. ಗಾಜಿನ ಸೀಸೆ ಒಡೆಯುತ್ತದೆ. ಉಪ್ಪಿನಕಾಯಿಯ ಅಥವಾ ಜೋನಿಬೆಲ್ಲದ ಡಬ್ಬಿಯನ್ನು ಮಕ್ಕಳು ತಿನ್ನುವ ವಸ್ತುವೆಂದು ತೆರೆಯುತ್ತಾರೆ. ಕ್ಯಾನಿನ ಹಳೆಯ ಚೀಟಿಯನ್ನು ಕಿತ್ತು, ದೊಡ್ಡ ಅಕ್ಷರದಲ್ಲಿ ‘ಬಳಸಿದ ಸೂಜಿ, ತೆರೆಯಬೇಡಿ’ ಎಂದು ಬರೆದು ಅಂಟಿಸಿ. ಇನ್ಸುಲಿನ್ ಚುಚ್ಚಿಕೊಳ್ಳುವ ಜಾಗದಲ್ಲೇ, ಮಕ್ಕಳ ಕೈಗೆಟುಕದ ಎತ್ತರದಲ್ಲಿ ಅದು ಇರಬೇಕು. ಜಗಲಿಯಲ್ಲಿ ಚುಚ್ಚಿಕೊಂಡು ಹಿತ್ತಲಲ್ಲಿರುವ ಡಬ್ಬಿಗೆ ನಡೆದುಹೋಗುವ ಏರ್ಪಾಡು ಮೂರು ದಿನವೂ ಬಾಳುವುದಿಲ್ಲ.

ದಿನಕ್ಕೆ ಎರಡು ಸಲ ಪೆನ್ನಿನಿಂದ ಚುಚ್ಚಿಕೊಳ್ಳುವವರ ಮನೆಯಲ್ಲಿ ತಿಂಗಳಿಗೆ 60 ಸೂಜಿ ಬೀಳುತ್ತದೆ. ಅವು ಚಿಕ್ಕವಾದ್ದರಿಂದ ಒಂದು ಲೀಟರಿನ ಕ್ಯಾನು ಹಲವು ತಿಂಗಳು ಬರುತ್ತದೆ. ಸಿರಿಂಜು ಬಳಸುವವರಿಗೆ ದೊಡ್ಡದೇ ಬೇಕು. ಮುಕ್ಕಾಲು ಭಾಗ ತುಂಬಿದಾಗ ಮುಚ್ಚಳ ಬಿಗಿದು, ಸುತ್ತ ಗಟ್ಟಿ ಟೇಪು ಹಾಕಿ, ಮತ್ತೆ ತೆರೆಯದೆ ಇಡಬೇಕು. ಒತ್ತಿ ತುಂಬುವುದು, ಒಳಗೆ ಕೈಹಾಕಿ ಸರಿಸುವುದು ಬೇಡ. ಸಿರಿಂಜಿನ ಸೂಜಿಯನ್ನು ಕೈಯಿಂದ ಬಗ್ಗಿಸುವುದೂ ಕತ್ತರಿಯಿಂದ ತುಂಡರಿಸುವುದೂ ಬೇಡ. ತುಂಡಾದ ಚೂರು ಸಿಡಿದು ಕಾಣದಂತೆ ಬೀಳುತ್ತದೆ.

ಮುಚ್ಚಳದ ವಿಷಯದಲ್ಲಿ ಒಂದು ವ್ಯತ್ಯಾಸವಿದೆ. ತಾನೇ ಚುಚ್ಚಿಕೊಂಡ ಪೆನ್ ಸೂಜಿಗೆ ಹೊರಗಿನ ದೊಡ್ಡ ಮುಚ್ಚಳವನ್ನು ಮೇಜಿನ ಮೇಲಿಟ್ಟು ಒಂದೇ ಕೈಯಿಂದ ಸಿಕ್ಕಿಸಿ ತಿರುಪಿ ತೆಗೆಯಬಹುದು. ಅತ್ತೆಗೋ ಅಜ್ಜನಿಗೋ ಚುಚ್ಚಿಕೊಡುವವರು ಮಾತ್ರ ಎರಡು ಕೈಯಿಂದ ಮುಚ್ಚಳ ಹಾಕಲು ಹೋಗದೆ ಸಿರಿಂಜನ್ನು ಹಾಗೆಯೇ ಕ್ಯಾನಿಗೆ ಹಾಕಬೇಕು. ಬೇರೆಯವರ ರಕ್ತ ತಾಗಿದ ಸೂಜಿ ಕೈಗೆ ಚುಚ್ಚುವುದು ಹೆಚ್ಚಾಗಿ ಆ ಕ್ಷಣದಲ್ಲೇ. ಖರ್ಚು ಉಳಿಸಲು ಒಂದೇ ಸೂಜಿಯನ್ನು ಹಲವು ದಿನ ಬಳಸುವುದು ನಮ್ಮಲ್ಲಿ ಸಾಮಾನ್ಯವಾದರೂ ಅದು ಒಂದು ಸಲದ ಬಳಕೆಗೆಂದೇ ತಯಾರಾದದ್ದು. ತುದಿ ಮೊಂಡಾಗುತ್ತದೆ, ಚುಚ್ಚಿದಲ್ಲಿ ಕೊಬ್ಬಿನ ಗಂಟು ಕಟ್ಟುತ್ತದೆ, ಆ ಗಂಟಿನಲ್ಲಿ ಇನ್ಸುಲಿನ್ ಸರಿಯಾಗಿ ಹೀರಲ್ಪಡದೆ ಸಕ್ಕರೆ ಏರುಪೇರಾಗುತ್ತದೆ. ಮನೆಯಲ್ಲಿ ಇಬ್ಬರಿಗೆ ಕಾಯಿಲೆಯಿದ್ದರೆ ಪೆನ್ನಾಗಲಿ ಸೂಜಿಯಾಗಲಿ ಲ್ಯಾನ್ಸೆಟ್ ಆಗಲಿ ಒಬ್ಬರದು ಇನ್ನೊಬ್ಬರಿಗೆ ಎಂದೂ ತಾಗಬಾರದು, ಗಂಡಹೆಂಡಿರಾದರೂ ಸರಿ.

ಬಚ್ಚಲೊಲೆ, ಹೊಂಡ, ಹಳ್ಳ ಬೇಡವೇಕೆ

ಸುಟ್ಟರೆ ಎಲ್ಲ ಮುಗಿಯಿತೆಂಬ ನಂಬಿಕೆ ಘಟ್ಟದ ಮೇಲೆ ಗಟ್ಟಿಯಾಗಿದೆ. ಬಚ್ಚಲೊಲೆಯ ಉರಿಯಲ್ಲಿ ಸಿರಿಂಜಿನ ಪ್ಲಾಸ್ಟಿಕ್ ಕರಗಿ ಹೊಗೆಯಾಗುತ್ತದೆ, ಆ ಹೊಗೆ ಮನೆಯವರದೇ ಉಸಿರಿಗೆ ಸೇರುತ್ತದೆ. ಉಕ್ಕಿನ ಸೂಜಿಯಾದರೋ ಹಾಗೆಯೇ ಬೂದಿಯಲ್ಲಿ ಉಳಿಯುತ್ತದೆ. ಬೂದಿ ಗೊಬ್ಬರದ ಗುಂಡಿಗೆ ಹೋಗುತ್ತದೆ, ಗೊಬ್ಬರ ಅಡಿಕೆ ಮರದ ಬುಡಕ್ಕೆ ಬರುತ್ತದೆ. ಅದನ್ನು ಬರಿಗೈಯಲ್ಲಿ ಹರಡುವವರು, ಬರಿಗಾಲಲ್ಲಿ ತೋಟದಲ್ಲಿ ಓಡಾಡುವವರು ಹೆಚ್ಚಾಗಿ ಕೂಲಿಗೆ ಬಂದವರು. ಹೊಂಡದಲ್ಲಿ ಹೂತರೂ ಮುಂದೊಂದು ದಿನ ಅಗೆಯುವವರಿಗೆ ಅದು ಸಿಕ್ಕೇ ಸಿಗುತ್ತದೆ. ಹಳ್ಳಕ್ಕೆ ಎಸೆದದ್ದು ಅಘನಾಶಿನಿಯಲ್ಲೋ ಗಂಗಾವಳಿಯಲ್ಲೋ ಅಳಿವೆಯವರೆಗೆ ಸಾಗುತ್ತದೆ. ಇಳಿತದ ಹೊತ್ತಿನಲ್ಲಿ ಅಲ್ಲಿನ ಕೆಸರಿಗಿಳಿದು ಕೈಯಾಡಿಸಿ ಚಿಪ್ಪಿಕಲ್ಲು ಆರಿಸುವವರಿದ್ದಾರೆ. ರಕ್ತದಿಂದ ಹರಡಿ ಯಕೃತ್ತನ್ನು ಕೆಡಿಸುವ ಹೆಪಟೈಟಿಸ್ ಬಿ ವೈರಸ್ ದೇಹದ ಹೊರಗೆ ಕನಿಷ್ಠ 7 ದಿನ ಬದುಕಿರಬಲ್ಲದು ಎಂಬುದನ್ನು ಇಲ್ಲಿ ನೆನೆಯಬೇಕು.

ಡಬ್ಬಿಯನ್ನು ಯಾರಿಗೆ ಕೊಡುವುದು

2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಮನೆಯಲ್ಲಿ ಬಳಸಿದ ಸೂಜಿ, ಸಿರಿಂಜು, ಅವಧಿ ಮೀರಿದ ಔಷಧಗಳನ್ನು ‘ಮನೆಯ ಅಪಾಯಕಾರಿ ತ್ಯಾಜ್ಯ’ ಎಂಬ ಪ್ರತ್ಯೇಕ ವರ್ಗಕ್ಕೆ ಸೇರಿಸಿದವು. ಹಸಿ ಕಸ, ಒಣ ಕಸಗಳ ಜೊತೆಗೆ ಬೆರೆಸದೆ ಅದನ್ನು ಬೇರೆಯಾಗಿ ಕೊಡುವುದು ಮನೆಯವರ ಹೊಣೆ. ಅದನ್ನು ಸ್ವೀಕರಿಸಲು ಪ್ರತಿ 20 ಚದರ ಕಿಲೋಮೀಟರಿಗೆ ಒಂದು ಕೇಂದ್ರ ತೆರೆಯುವುದು ಸ್ಥಳೀಯ ಸಂಸ್ಥೆಯ ಹೊಣೆ ಎಂದು ಅವು ಹೇಳಿದವು. ಅದೇ ವರ್ಷದ ಜೀವವೈದ್ಯಕೀಯ ತ್ಯಾಜ್ಯ ನಿಯಮಗಳು ಆಸ್ಪತ್ರೆ, ಕ್ಲಿನಿಕ್, ಪ್ರಯೋಗಾಲಯಗಳಿಗೆ ಅನ್ವಯಿಸುವಂಥವು. ಅಲ್ಲಿ ಸೂಜಿಗಳಿಗೆ ಬಿಳಿ ಬಣ್ಣದ, ತೂತಾಗದ ಡಬ್ಬಿಯನ್ನು ಗೊತ್ತುಮಾಡಿದೆ. ಮನೆಯ ಡಬ್ಬಿಯನ್ನು ತೆಗೆದುಕೊಳ್ಳಬೇಕೆಂದು ಆಸ್ಪತ್ರೆಯನ್ನು ಒತ್ತಾಯಿಸಲು ಆ ನಿಯಮ ಬರುವುದಿಲ್ಲ, ವಿನಯದಿಂದ ಕೇಳಿಕೊಳ್ಳಬಹುದಷ್ಟೆ.

ಕೇಳುವ ಕ್ರಮ ಹೀಗಿರಲಿ. ಮೊದಲು ನೀವು ಪ್ರತಿ ತಿಂಗಳು ಔಷಧಕ್ಕೆ ಹೋಗುವ ಕಡೆಯಲ್ಲೇ ವಿಚಾರಿಸಿ: ಕಾರವಾರದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಆಸ್ಪತ್ರೆ, ಶಿರಸಿಯ ಪಂಡಿತ ಸಾರ್ವಜನಿಕ ಆಸ್ಪತ್ರೆ, ನಿಮ್ಮ ತಾಲೂಕು ಆಸ್ಪತ್ರೆಯ ಎನ್‌ಸಿಡಿ (ಸಕ್ಕರೆ ಕಾಯಿಲೆಯಂಥ ಸಾಂಕ್ರಾಮಿಕವಲ್ಲದ ರೋಗಗಳ) ಕ್ಲಿನಿಕ್, ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ನಿಮ್ಮ ಖಾಸಗಿ ವೈದ್ಯರು. ಖಾಲಿ ಕೈಯಲ್ಲಿ ಹೋಗಿ ಮಾತಾಡಿ, ಒಪ್ಪಿದ ಮೇಲೆ ಮುಂದಿನ ಸಲ ಡಬ್ಬಿ ಒಯ್ಯಿರಿ. ಔಷಧ ತರುವ ಬಸ್ಸಿನ ಖರ್ಚಿನಲ್ಲೇ ಕಸವೂ ಹೋಗುವುದರಿಂದ ಹಳ್ಳಿಯವರಿಗೆ ಇದೇ ಸುಲಭದ ದಾರಿ. ಕೆಲಸದ ಸಿಬ್ಬಂದಿ ಮೊದಲ ಸಲ ಇಲ್ಲವೆಂದರೆ ಮೇಲಿನ ವೈದ್ಯಾಧಿಕಾರಿಯನ್ನು ಕೇಳಿ. ನಿರಾಕರಣೆ ಅನೇಕ ಸಲ ಕೇಳಿದ್ದು ಅರ್ಥವಾಗದ್ದರಿಂದ ಬಂದಿರುತ್ತದೆ.

ಅಲ್ಲಿ ಆಗದಿದ್ದರೆ ಪಟ್ಟಣದಲ್ಲಿ ನಗರಸಭೆಯ ಆರೋಗ್ಯ ನಿರೀಕ್ಷಕರನ್ನು, ಹಳ್ಳಿಯಲ್ಲಿ ಪಂಚಾಯತ ಅಭಿವೃದ್ಧಿ ಅಧಿಕಾರಿಯನ್ನು ಕಾಣಬೇಕು. ಸ್ವಚ್ಛ ವಾಹಿನಿಯ ಗಾಡಿಗೆ ಕೊಡುವುದಾದರೆ ಡಬ್ಬಿಯನ್ನು ಕಸದ ಬುಟ್ಟಿಯೊಳಗೆ ಅಡಗಿಸದೆ, ‘ಇದರಲ್ಲಿ ಸೂಜಿ ಇದೆ’ ಎಂದು ಬಾಯಿಬಿಟ್ಟು ಹೇಳಿ ಕೈಗೆ ಕೊಡಿ. ಸ್ವಚ್ಛ ಸಂಕೀರ್ಣದಲ್ಲಿ ಕಸ ಬೇರ್ಪಡಿಸುವವರು ಬಹುಮಟ್ಟಿಗೆ ಸ್ವಸಹಾಯ ಸಂಘದ ಹೆಣ್ಣುಮಕ್ಕಳು. ಒಣ ಕಸದ ಚೀಲದಲ್ಲಿ ಬಿಡಿ ಸೂಜಿ ಇದ್ದರೆ ಚುಚ್ಚುವುದು ಅವರಿಗೆ. ಯಾವುದಾದರೂ ದಾರಿ ತೆರೆಯುವವರೆಗೆ ಟೇಪು ಸುತ್ತಿದ ಡಬ್ಬಿಯನ್ನು ಅಟ್ಟದ ಮೇಲೆ ಇಟ್ಟುಕೊಳ್ಳುವುದರಿಂದ ಯಾವ ಹಾನಿಯೂ ಇಲ್ಲ. ಒಂದೇ ಕೇರಿಯಲ್ಲಿ ಇನ್ಸುಲಿನ್ ತೆಗೆದುಕೊಳ್ಳುವವರು ಐದಾರು ಮಂದಿ ಇದ್ದರೆ ಆಶಾ ಕಾರ್ಯಕರ್ತೆಯ ಮೂಲಕ ಒಟ್ಟಾಗಿ ಕೇಳಿಕೊಳ್ಳುವುದು ಹೆಚ್ಚು ಫಲಕಾರಿ.

ಉಳಿದ ಕಸ

ಸೂಜಿಯಷ್ಟು ಚಿಂತೆ ಇವಕ್ಕೆ ಬೇಡ. ರಕ್ತ ತಾಗಿದ ಸ್ಟ್ರಿಪ್ ಮತ್ತು ಹತ್ತಿಯನ್ನು ಕಾಗದದಲ್ಲಿ ಸುತ್ತಿ, ಸ್ಯಾನಿಟರಿ ಕಸ ಕೊಡುವ ರೀತಿಯಲ್ಲೇ ಬೇರೆಯಾಗಿ ಕೊಡಿ. ಖಾಲಿ ಇನ್ಸುಲಿನ್ ಬಾಟಲಿ ಮತ್ತು ಕಾರ್ಟ್ರಿಜ್ ಗಾಜಿನವು. ಒಡೆಯದಂತೆ ಇನ್ನೊಂದು ಡಬ್ಬಿಯಲ್ಲಿ ಕೂಡಿಟ್ಟು ಸೂಜಿಯ ಡಬ್ಬಿಯ ಜೊತೆಗೇ ಒಯ್ಯಬಹುದು. ರಟ್ಟಿನ ಪೊಟ್ಟಣ, ಚೀಟಿಗಳು ಒಣ ಕಸ. ಅವಧಿ ಮೀರಿದ ಮಾತ್ರೆ, ಇನ್ಸುಲಿನ್‌ಗಳನ್ನು ಶೌಚಾಲಯಕ್ಕೋ ಬಾವಿ ಕಟ್ಟೆಯ ಚರಂಡಿಗೋ ಸುರಿಯಬಾರದು. ಸಕ್ಕರೆ ಅಳೆಯುವ ಯಂತ್ರವಾದ ಗ್ಲುಕೋಮೀಟರಿನ ಗುಂಡಿ ಸೆಲ್ಲನ್ನು ಮಗು ನುಂಗಿದರೆ ಅನ್ನನಾಳವೇ ಸುಟ್ಟುಹೋಗಬಹುದಾದ್ದರಿಂದ ಬದಲಿಸಿದ ಕೂಡಲೇ ಅದರ ಎರಡೂ ಬದಿಗೆ ಟೇಪು ಅಂಟಿಸಿ ಎತ್ತಿಡಿ. ಬ್ಯಾಟರಿ ಕಸಕ್ಕೂ ಇ-ಕಸಕ್ಕೂ 2022ರಲ್ಲಿ ಬಂದ ಪ್ರತ್ಯೇಕ ನಿಯಮಗಳಿವೆ. ಸಕ್ಕರೆ ಅಳೆಯಲು ತೋಳಿಗೆ ಅಂಟಿಸುವ ಸೆನ್ಸರ್ ಬಳಸುವವರು ಅದನ್ನು ಕೂರಿಸುವ ಸಾಧನದೊಳಗೆ ಸೂಜಿ ಇರುತ್ತದೆಂಬುದನ್ನು ಮರೆಯಬಾರದು, ಅದು ಸೂಜಿಯ ಡಬ್ಬಿಗೇ ಸೇರಬೇಕು.

ಪ್ರಯಾಣದಲ್ಲಿ

ಇನ್ಸುಲಿನ್ ಕೈಚೀಲದಲ್ಲಿರಲಿ, ಬಸ್ಸಿನ ಎಂಜಿನ್ ಪಕ್ಕದಲ್ಲೋ ಬಿಸಿಲಿಗೆ ನಿಂತ ಕಾರಿನಲ್ಲೋ ಬಿಡಬೇಡಿ. ಸಕ್ಕರೆ 70ಕ್ಕಿಂತ ಕೆಳಗಿಳಿದಾಗ ಬಾಯಿಗೆ ಹಾಕಿಕೊಳ್ಳಲು ಮೂರು ಚಮಚ ಸಕ್ಕರೆಯ ಪೊಟ್ಟಣವೂ ಅದೇ ಚೀಲದಲ್ಲಿರಬೇಕು. 15 ನಿಮಿಷದ ಮೇಲೆ ಮತ್ತೆ ಪರೀಕ್ಷಿಸಿಕೊಳ್ಳಬೇಕು. ಬಳಸಿದ ಸೂಜಿಗೆ ಗಟ್ಟಿ ಮುಚ್ಚಳದ ಪುಟ್ಟ ಡಬ್ಬಿ ಒಯ್ಯಿರಿ. ಮದುವೆ ಮನೆಯಲ್ಲಿ ಊಟಕ್ಕೆ ಮೊದಲು ಚುಚ್ಚಿಕೊಂಡು ಸೂಜಿಯನ್ನು ಬಾಳೆಲೆಯ ಕಸದೊಂದಿಗೆ ಹಾಕಿದರೆ ಅದು ದನದ ಬಾಯಿಗೆ ಹೋಗುತ್ತದೆ.

ಬಳಸಿದ ಸೂಜಿ ಬೇರೆಯವರಿಗೆ ಆಕಸ್ಮಿಕವಾಗಿ ಚುಚ್ಚಿದರೆ

ಗಾಯವನ್ನು ಹಿಂಡದೆ, ಬಾಯಿಗಿಟ್ಟು ಚೀಪದೆ, ಹರಿಯುವ ನೀರಿನಲ್ಲಿ ಸೋಪು ಹಾಕಿ ತೊಳೆದು ಕೂಡಲೇ ಆಸ್ಪತ್ರೆಗೆ ಹೋಗಬೇಕು. ಎಚ್‌ಐವಿ ತಡೆಯುವ ಔಷಧವನ್ನು 72 ಗಂಟೆಯೊಳಗೆ ಆರಂಭಿಸಬೇಕಾಗುತ್ತದೆ, ಬೇಗ ಆದಷ್ಟೂ ಒಳ್ಳೆಯದು. ಹೆಪಟೈಟಿಸ್ ಬಿ ಲಸಿಕೆಯ ಅಗತ್ಯವನ್ನೂ ವೈದ್ಯರು ನೋಡುತ್ತಾರೆ. ಸೂಜಿ ಯಾರದೆಂದು ಗೊತ್ತಿದ್ದರೆ ಅದನ್ನು ತಿಳಿಸಿ. ನಾಚಿಕೆಯಿಂದ ಮುಚ್ಚಿಟ್ಟರೆ ಆ ಅವಧಿ ಕಳೆದುಹೋಗುತ್ತದೆ.

ಮನೆಯಲ್ಲಿ ಉಳಿದುಹೋದ ಸಾಮಗ್ರಿ

ಹಿರಿಯರು ತೀರಿಕೊಂಡ ಮೇಲೆ ಅಥವಾ ವೈದ್ಯರು ಚಿಕಿತ್ಸೆ ಬದಲಿಸಿದಾಗ ಫ್ರಿಜ್‌ನಲ್ಲಿ ಇನ್ಸುಲಿನ್, ಕಪಾಟಿನಲ್ಲಿ ಸೂಜಿ ಉಳಿಯುತ್ತವೆ. ನೆರೆಯವರಿಗೆ ಉಪಕಾರವಾಗಲೆಂದು ಇನ್ಸುಲಿನ್ ಕೈಗೆ ಕೊಡುವುದು ಸರಿಯಲ್ಲ. ಅವರ ಮದ್ದು ಬೇರೆ ಜಾತಿಯದೋ ಬೇರೆ ಸಾಮರ್ಥ್ಯದ್ದೋ ಆಗಿರಬಹುದು. ತೆರೆಯದ ಬಾಟಲಿಗಳನ್ನು ತಂಪಿನ ಪೆಟ್ಟಿಗೆಯಲ್ಲಿಟ್ಟು, ಮೊದಲಿನಿಂದ ಹೇಗೆ ಇಟ್ಟಿದ್ದೀರೆಂಬುದನ್ನು ಮುಚ್ಚಿಡದೆ ಹೇಳಿ, ಚಿಕಿತ್ಸೆ ನೀಡಿದ ವೈದ್ಯರಿಗೇ ತೋರಿಸಿ. ಮುಂದೇನೆಂದು ಅವರು ತೀರ್ಮಾನಿಸಲಿ. ಮುದ್ರೆ ಒಡೆಯದ ಸೂಜಿ ಮತ್ತು ಸ್ಟ್ರಿಪ್‌ಗಳನ್ನು ಅದೇ ಯಂತ್ರ, ಅದೇ ಪೆನ್ ಬಳಸುವವರಿಗೆ ಅವಧಿ ನೋಡಿ ಕೊಡಬಹುದು. ಗ್ಲುಕೋಮೀಟರನ್ನು ಒರೆಸಿ, ಹಳೆಯ ಅಳತೆಗಳನ್ನು ಅಳಿಸಿ ಕೊಡಬಹುದಾದರೂ ಬೆರಳು ಚುಚ್ಚುವ ಸಾಧನವನ್ನು ಕೊಡಬಾರದು. ಅದನ್ನು ಒಳಗಿರುವ ಲ್ಯಾನ್ಸೆಟ್ ಸಹಿತ ಕೊನೆಯ ಸೂಜಿ ಡಬ್ಬಿಗೆ ಹಾಕಿ, ಡಬ್ಬಿಗೆ ಟೇಪು ಸುತ್ತಿ, ಆಸ್ಪತ್ರೆಯ ಕಡೆ ಹೋಗುವ ಮೊದಲ ದಿನವೇ ತಲುಪಿಸಿ.